ಹಿತ್ತಿಲಿನ ನೆಲಕ್ಕೆ ಮಟ್ಟ ಹಿಡಿಯುವುದು: ಕಡಿಮೆ ಬೆಲೆಯ ರೋಟರಿ ಲೇಸರ್ ಲೆವೆಲ್ ಬಳಸುವ ಕ್ರಮ

ಮಲೆನಾಡಿನಲ್ಲಿ ಮನೆ ಕಟ್ಟಿಸಿದವರಿಗೆ ಸಮತಟ್ಟಾದ ಹಿತ್ತಿಲು ಸಿಗುವುದು ಅಪರೂಪ. ಮೇಲುಗಡೆಯ ದರೆ ಕಡಿದು, ಆ ಮಣ್ಣನ್ನು ಕೆಳಗಡೆಗೆ ಎಳೆದು ಹಾಕಿ, ಜೆಸಿಬಿ ಮರಳಿ ಹೋದ ಮೇಲೆ ಉಳಿಯುವ ನೆಲವೇ ನಮ್ಮ ಅಂಗಳ, ನಮ್ಮ ಹಿತ್ತಿಲು. ನೋಡುವುದಕ್ಕೆ ಅದು ಮಟ್ಟವಾಗಿಯೇ ಕಾಣುತ್ತದೆ. ಸುತ್ತಲೂ ಇಳಿಜಾರೇ ಇರುವಲ್ಲಿ ಕಣ್ಣಿಗೆ ಬೇರೆ ಆಧಾರವಿರುವುದಿಲ್ಲವಾದ್ದರಿಂದ, ಹತ್ತು ಮೀಟರಿಗೆ ಹದಿನೈದು ಸೆಂಟಿಮೀಟರಿನಷ್ಟು ಮನೆಯ ಕಡೆಗೇ ವಾಲಿದ ನೆಲವೂ ಸಪಾಟಾಗಿದೆಯೆಂದು ತೋರಿಬಿಡುತ್ತದೆ. ಜೂನ್ ತಿಂಗಳಲ್ಲಿ ಮಳೆ ಹಿಡಿದು ಗೋಡೆಯ ಬುಡದಲ್ಲಿ ನೀರು ನಿಂತಾಗ ತಪ್ಪು ಗೊತ್ತಾಗುತ್ತದೆ. ಅಷ್ಟರಲ್ಲಿ ಮಣ್ಣು ಕೆಲಸದ ಕಾಲ ಮುಗಿದಿರುತ್ತದೆ.

ಸಾಗರ ತಾಲ್ಲೂಕಿನಲ್ಲಿರುವ ನಮ್ಮ ಮನೆಯ ಹಿತ್ತಿಲನ್ನು ಸರಿಮಾಡುವುದಕ್ಕೆಂದು ನಾನು ಕಡಿಮೆ ಬೆಲೆಯ ರೋಟರಿ ಲೇಸರ್ ಲೆವೆಲ್ ಒಂದನ್ನು ಕೊಂಡೆ. ಅದನ್ನು ಬಳಸಿ ಅಂಗಳಕ್ಕೆ ವಾಟ (ನೀರು ಹರಿದುಹೋಗುವಷ್ಟು ಇಳಿಜಾರು) ಕೊಟ್ಟಿದ್ದೇನೆ, ಕಲ್ಲು ಕಟ್ಟಿದ ಚರಂಡಿ ಮಾಡಿಸಿದ್ದೇನೆ, ಗುಡ್ಡದ ಕಡೆಗೆ ಇಂಗುಗಾಲುವೆ ತೋಡಿಸಿದ್ದೇನೆ. ಈ ಅನುಭವದಿಂದ ನನಗೆ ದೃಢವಾಗಿರುವ ಮಾತೆಂದರೆ, ಯಂತ್ರ ಅಗ್ಗದ್ದಾಗಿರುವುದು ದೊಡ್ಡ ತೊಂದರೆಯಲ್ಲ, ಅದರ ದೋಷ ಎಷ್ಟೆಂದು ತಿಳಿಯದೆ ಬಳಸುವುದೇ ತೊಂದರೆ. ದೋಷವನ್ನು ಅಳೆದುಕೊಂಡರೆ, ಮನೆಯ ಸುತ್ತಲಿನ ಕೆಲಸಕ್ಕೆ ಈ ಯಂತ್ರ ಧಾರಾಳವಾಗಿ ಸಾಕು. ಆದ್ದರಿಂದ ಈ ಬರಹದಲ್ಲಿ ಪರೀಕ್ಷೆಯ ಭಾಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಿದ್ದೇನೆ.

ಯಂತ್ರದ ಕೆಲಸ ಮತ್ತು ಕೊಳ್ಳುವಾಗ ನೋಡಬೇಕಾದದ್ದು

ರೋಟರಿ ಲೇಸರ್ ಲೆವೆಲ್‌ನ ತಲೆಯಲ್ಲಿ ಒಂದು ಸಣ್ಣ ಲೇಸರ್ ಕಿರಣವು ನಿಮಿಷಕ್ಕೆ ಕೆಲವು ನೂರು ಸುತ್ತು ತಿರುಗುತ್ತದೆ. ಹಾಗೆ ತಿರುಗುವ ಕಿರಣವು ಸುತ್ತಲಿನ ಜಾಗದ ಮೇಲೆ ಕಣ್ಣಿಗೆ ಕಾಣದ ಒಂದು ಸಮತಲವನ್ನು ಹಾಸಿದಂತಾಗುತ್ತದೆ. ತುಂಬಿದ ಕೆರೆಯ ನೀರಿನ ಮೇಲ್ಮೈಯನ್ನು ಎದೆಮಟ್ಟಕ್ಕೆ ಎತ್ತಿ ನಿಲ್ಲಿಸಿದ್ದಾರೆಂದು ಊಹಿಸಿಕೊಳ್ಳಬಹುದು. ಆ ಮೇಲ್ಮೈಯಿಂದ ಪ್ರತಿ ಜಾಗದ ನೆಲ ಎಷ್ಟು ಕೆಳಗಿದೆ ಎಂದು ಅಳೆಯುವುದಷ್ಟೇ ನಮ್ಮ ಕೆಲಸ. ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರಿಗೆ ಕಟ್ಟಿ ಓಡಿಸುವ ಲೇಸರ್ ಲೆವೆಲರ್ ಕೂಡ ಇದೇ ತತ್ವದ ಮೇಲೆ ನಡೆಯುತ್ತದೆ; ಅಲ್ಲಿ ಅಳತೆಯನ್ನು ನೋಡಿಕೊಂಡು ಮಣ್ಣು ಎಳೆಯುವ ಬಕೆಟ್ಟು ತಾನೇ ಏರಿ ಇಳಿಯುತ್ತದೆ, ಇಲ್ಲಿ ನಾವು ಅಳತೆಗೋಲು ಹಿಡಿದು ನಡೆಯುತ್ತೇವೆ.

ಕೊಳ್ಳುವಾಗ ಯಂತ್ರದೊಡನೆ ರಿಸೀವರ್ ಇದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಬಿಸಿಲಿನಲ್ಲಿ ಲೇಸರ್ ಗೆರೆ ಕಣ್ಣಿಗೆ ಕಾಣುವುದಿಲ್ಲ. ಕೆಂಪಿಗಿಂತ ಹಸಿರು ಕಿರಣ ಕಣ್ಣಿಗೆ ಹೆಚ್ಚು ಎದ್ದು ಕಾಣುತ್ತದೆ ಎಂಬುದು ನಿಜವಾದರೂ, ಅದು ಕೋಣೆಯೊಳಗೆ ಟೈಲ್ಸ್ ಹಾಕುವವರಿಗೆ ಉಪಯೋಗವಾದಷ್ಟು ಹೊರಗಿನ ಕೆಲಸಕ್ಕೆ ಉಪಯೋಗವಾಗುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಎರಡೂ ಒಂದೇ. ಹೊರಾಂಗಣದಲ್ಲಿ ಕಿರಣವನ್ನು ಹಿಡಿಯುವುದು ರಿಸೀವರ್. ಅಳತೆಗೋಲಿಗೆ ಸಿಕ್ಕಿಸಿದ ಈ ಪೆಟ್ಟಿಗೆಯನ್ನು ಮೇಲೆ ಕೆಳಗೆ ಸರಿಸುತ್ತಾ ಹೋದಂತೆ ಅದು ಕೂಗುತ್ತದೆ. ಕಿರಣ ಮೇಲಿದ್ದರೆ ಒಂದು ಬಗೆಯ ಕೂಗು, ಕೆಳಗಿದ್ದರೆ ಇನ್ನೊಂದು, ನಟ್ಟನಡುವೆ ಬಂದಾಗ ಬಿಡುವಿಲ್ಲದ ಒಂದೇ ಸ್ವರ. ಅಂಗಡಿಯಲ್ಲಿ ಸಿಗುವ ಗೆರೆ ಲೇಸರ್‌ಗಳ ರಿಸೀವರ್ ಬೇರೆ, ರೋಟರಿ ಲೇಸರ್‌ನ ರಿಸೀವರ್ ಬೇರೆ. ಸಾಮಾನ್ಯವಾಗಿ ಒಂದನ್ನು ಇನ್ನೊಂದಕ್ಕೆ ಬಳಸಲು ಬರುವುದಿಲ್ಲ.

ಯಂತ್ರದ ಪೆಟ್ಟಿಗೆಯ ಮೇಲೆ ನಿಖರತೆಯನ್ನು 30 ಮೀಟರಿಗೆ ಇಷ್ಟು ಮಿಲಿಮೀಟರ್ ಎಂದು ಬರೆದಿರುತ್ತಾರೆ. ಅಗ್ಗದವುಗಳಲ್ಲಿ ಅದು ಸಾಮಾನ್ಯವಾಗಿ 3 ಮಿ.ಮೀ. ಆಸುಪಾಸಿನಲ್ಲಿರುತ್ತದೆ, ದುಬಾರಿಯವುಗಳಲ್ಲಿ ಅದರ ಅರ್ಧ. ತಾನಾಗಿ ಮಟ್ಟ ಹೊಂದಿಸಿಕೊಳ್ಳುವ ಸೌಲಭ್ಯ ಇರಲೇಬೇಕು. ಹೆಚ್ಚಿನ ಯಂತ್ರಗಳು 4 ಅಥವಾ 5 ಡಿಗ್ರಿಯವರೆಗಿನ ವಾಲನ್ನು ತಾವೇ ಸರಿಪಡಿಸಿಕೊಳ್ಳುತ್ತವೆ, ಅದಕ್ಕಿಂತ ಹೆಚ್ಚು ವಾಲಿದರೆ ದೀಪ ಮಿನುಗಿಸಿ ನಿಂತುಬಿಡುತ್ತವೆ. ಟ್ರೈಪಾಡ್ ಬೇಕು. ಸೆಂಟಿಮೀಟರ್ ಗುರುತುಗಳಿರುವ ಅಲ್ಯೂಮಿನಿಯಂ ಅಳತೆಗೋಲು ಒಳ್ಳೆಯದು, ಇಲ್ಲದಿದ್ದರೆ ನೆಟ್ಟಗಿರುವ ಮರದ ರೀಪಿಗೆ ಸ್ಟೀಲ್ ಟೇಪನ್ನು ಬಿಗಿಯಾಗಿ ಅಂಟಿಸಿಕೊಂಡರೂ ನಡೆಯುತ್ತದೆ. ಇವುಗಳನ್ನು ಬಿಟ್ಟು ರಿಮೋಟು, ಗೋಡೆಗೆ ತೂಗುಹಾಕುವ ಬ್ರಾಕೆಟ್ಟು, ಬಣ್ಣದ ಕನ್ನಡಕ ಮುಂತಾದವಕ್ಕೆ ಹಣ ಸುರಿಯುವ ಅಗತ್ಯವಿಲ್ಲ.

ಮೊದಲು ಯಂತ್ರದ ಪರೀಕ್ಷೆ

ಹೊಸ ಯಂತ್ರವನ್ನು ನಂಬಿ ನೇರವಾಗಿ ಕೆಲಸಕ್ಕೆ ಇಳಿಯಬಾರದು. ಕೊರಿಯರ್ ವಾಹನದಲ್ಲಿ ನೂರಾರು ಕಿಲೋಮೀಟರ್ ಕುಲುಕಿಕೊಂಡು ಬಂದ ಮೇಲೆ ಒಳಗಿನ ವ್ಯವಸ್ಥೆ ಕೊಂಚ ಸರಿದಿರಬಹುದು. ಹಳೆಯ ಯಂತ್ರವಾದರೆ ಎಂದಾದರೂ ಕೈತಪ್ಪಿ ಬಿದ್ದಿರಬಹುದು. ಪರೀಕ್ಷೆಗೆ ಬೇಕಾದದ್ದು ಒಂದು ಗೋಡೆ ಮತ್ತು ಅದರಿಂದ ಇಪ್ಪತ್ತು ಮೀಟರ್ ದೂರದ ಒಂದು ಗಟ್ಟಿ ನೆಲ. ಸಂಜೆ ಕತ್ತಲಾಗುವ ಹೊತ್ತಿನಲ್ಲಿ ಮಾಡಿದರೆ ಕಿರಣ ಗೋಡೆಯ ಮೇಲೆ ಕಣ್ಣಿಗೇ ಕಾಣುತ್ತದೆ. ಆದರೆ ಅಷ್ಟು ದೂರದಲ್ಲಿ ಆ ಗೆರೆ ದಪ್ಪವಾಗಿ ಹರಡಿಕೊಂಡಿರುವುದರಿಂದ, ಅದರ ನಡುವನ್ನು ಕಣ್ಣಿನಿಂದ ಅಂದಾಜು ಮಾಡುವುದಕ್ಕಿಂತ ರಿಸೀವರ್‌ನಿಂದ ಗುರುತಿಸುವುದೇ ಮೇಲು.

ಟ್ರೈಪಾಡಿನ ಮೇಲೆ ಯಂತ್ರವನ್ನಿಟ್ಟು ಅದರ ಮುಖ ಗೋಡೆಯ ಕಡೆಗಿರುವಂತೆ ನಿಲ್ಲಿಸಿ, ಅದು ಮಟ್ಟಕ್ಕೆ ಬಂದ ಮೇಲೆ ಗೋಡೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಹಾಕಬೇಕು. ಆ ಬಳಿಕ ಟ್ರೈಪಾಡಿನ ಕಾಲುಗಳನ್ನು ಅಲುಗಿಸದೆ, ತಿರುಪನ್ನು ಸಡಿಲಿಸಿ, ಯಂತ್ರವನ್ನಷ್ಟೇ ಅರ್ಧ ಸುತ್ತು ತಿರುಗಿಸಿ, ಬೆನ್ನು ಗೋಡೆಯ ಕಡೆಗಿರುವಂತೆ ಮತ್ತೆ ಬಿಗಿಯಬೇಕು. ಅದು ಪುನಃ ಮಟ್ಟಕ್ಕೆ ಬರುವ ತನಕ ಕಾದು, ಅದೇ ಜಾಗದಲ್ಲಿ ಎರಡನೆಯ ಗೆರೆ ಹಾಕಬೇಕು. ಯಂತ್ರ ನಿರ್ದೋಷವಾಗಿದ್ದರೆ ಎರಡೂ ಗೆರೆಗಳು ಒಂದರ ಮೇಲೊಂದು ಕೂರುತ್ತವೆ. ಬೇರೆಯಾಗಿದ್ದರೆ, ಅವುಗಳ ನಡುವಣ ಅಂತರದ ಅರ್ಧವೇ ಯಂತ್ರದ ದೋಷ. ನನ್ನ ಯಂತ್ರದಲ್ಲಿ ಆ ಅಂತರ 5 ಮಿ.ಮೀ. ಇತ್ತು, ಅಂದರೆ ಇಪ್ಪತ್ತು ಮೀಟರಿಗೆ ಎರಡೂವರೆ ಮಿಲಿಮೀಟರ್ ದೋಷ. ಅನಂತರ ಯಂತ್ರವನ್ನು ಕಾಲು ಸುತ್ತು ತಿರುಗಿಸಿ, ಎಡ ಮತ್ತು ಬಲ ಬದಿಗಳನ್ನು ಸಹ ಇದೇ ರೀತಿ ಪರೀಕ್ಷಿಸಬೇಕು. ಏಕೆಂದರೆ ಒಂದು ದಿಕ್ಕಿನಲ್ಲಿ ಸರಿಯಿದ್ದ ಯಂತ್ರ ಇನ್ನೊಂದು ದಿಕ್ಕಿನಲ್ಲಿ ವಾಲಿರಬಹುದು.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ದೋಷವಿರುವ ಯಂತ್ರವನ್ನು ಜಾಗದ ನಡುವೆ ಇಟ್ಟರೆ ದೋಷ ತಾನಾಗಿ ಕಳೆದುಹೋಗುತ್ತದೆ ಎಂಬ ಮಾತನ್ನು ಹಲವರು ಹೇಳುತ್ತಾರೆ. ದುರ್ಬೀನಿನ ಹಳೆಯ ಲೆವೆಲ್ ಯಂತ್ರಕ್ಕೆ ಅದು ನಿಜ. ಅಲ್ಲಿ ಎರಡೂ ಕಡೆಗೆ ನೋಡುವುದು ಒಂದೇ ದುರ್ಬೀನಿನಿಂದಾದ್ದರಿಂದ, ಅದು ಎರಡು ಕಡೆಯಲ್ಲಿಯೂ ಒಂದೇ ಅಳತೆಯಲ್ಲಿ ಮೇಲಕ್ಕೋ ಕೆಳಕ್ಕೋ ತಪ್ಪುತ್ತದೆ, ವ್ಯತ್ಯಾಸ ಕಳೆದಾಗ ತಪ್ಪು ಉಳಿಯುವುದಿಲ್ಲ. ರೋಟರಿ ಲೇಸರ್‌ನ ಸಮತಲ ವಾಲಿದ್ದರೆ ಹಾಗಾಗುವುದಿಲ್ಲ. ಒಂದು ಕಡೆ ಮೇಲೇರಿದ ಅದು ಇನ್ನೊಂದು ಕಡೆ ಅಷ್ಟೇ ಕೆಳಗಿಳಿದಿರುತ್ತದೆ. ಯಂತ್ರವನ್ನು ಎಲ್ಲಿಟ್ಟರೂ ಎರಡು ಬಿಂದುಗಳ ನಡುವಿನ ತಪ್ಪು ಅಷ್ಟೇ ಇರುತ್ತದೆ. ಇದಕ್ಕೆ ಪರಿಹಾರ ಗೋಡೆಯ ಪರೀಕ್ಷೆಯಲ್ಲಿಯೇ ಇದೆ: ಎಲ್ಲ ಬಿಂದುಗಳನ್ನೂ ಒಮ್ಮೆ ಓದಿಕೊಂಡು, ಯಂತ್ರವನ್ನು ಅರ್ಧ ಸುತ್ತು ತಿರುಗಿಸಿ, ಎಲ್ಲವನ್ನೂ ಇನ್ನೊಮ್ಮೆ ಓದಿ, ಎರಡರ ಸರಾಸರಿ ತೆಗೆದುಕೊಂಡರೆ ವಾಲಿನ ದೋಷ ಪೂರ್ತಿಯಾಗಿ ಹೋಗುತ್ತದೆ. ಅಂಗಳಕ್ಕೆ ವಾಟ ಕೊಡುವಂತಹ ಸಾಧಾರಣ ಕೆಲಸಕ್ಕೆ ಇಷ್ಟೆಲ್ಲ ಬೇಕಿಲ್ಲ. ಚರಂಡಿಯ ಎರಡು ತುದಿ, ಪಾಗಾರದ ಮೊದಲ ವರಸೆ, ಮೆಟ್ಟಿಲಿನ ಬುಡ ಮತ್ತು ತಲೆ, ಇಂತಹ ಕಡೆಗಳಲ್ಲಿ ನಾನು ತಪ್ಪದೆ ಹೀಗೆಯೇ ಮಾಡುತ್ತೇನೆ. ಹತ್ತು ನಿಮಿಷಕ್ಕಿಂತ ಹೆಚ್ಚು ಸಮಯ ಹಿಡಿಯುವುದಿಲ್ಲ.

ಇನ್ನೊಂದು ದೋಷವಿದೆ. ಕಿರಣವು ಚಪ್ಪಟೆಯಾದ ಸಮತಲವನ್ನು ಬರೆಯದೆ, ಬಿಡಿಸಿದ ಕೊಡೆಯಂತೆ ಎಲ್ಲ ಕಡೆಯೂ ಸ್ವಲ್ಪ ಇಳಿದಿರುವುದು, ಅಥವಾ ತಿರುವಿ ಹಾಕಿದ ಕೊಡೆಯಂತೆ ಏರಿರುವುದು. ಗೋಡೆಯ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಇದನ್ನು ಹಿಡಿಯಲು ಮೂವತ್ತು ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆದು, ಯಂತ್ರವನ್ನು ಸರಿಯಾಗಿ ನಡುವೆ ನಿಲ್ಲಿಸಿ ಎರಡೂ ಗೂಟಗಳನ್ನು ಓದಬೇಕು. ಬಳಿಕ ಅದರ ಮುಖದ ದಿಕ್ಕನ್ನು ಬದಲಿಸದೆ ಒಂದು ಗೂಟದ ಹತ್ತಿರಕ್ಕೆ ಒಯ್ದು ಮತ್ತೆ ಎರಡನ್ನೂ ಓದಬೇಕು. ನಡುವಿನಿಂದ ನೋಡಿದಾಗ ಗೂಟಗಳ ವ್ಯತ್ಯಾಸ 6.8 ಸೆಂ.ಮೀ. ಬಂದು, ಹತ್ತಿರದಿಂದ ನೋಡಿದಾಗ 7.3 ಬಂದರೆ, ಆ ಅರ್ಧ ಸೆಂಟಿಮೀಟರ್ ಕೊಡೆಯ ದೋಷ. ಇಂತಹ ಯಂತ್ರವನ್ನು ಮಾತ್ರ ನಿಜವಾಗಿಯೂ ಜಾಗದ ನಡುವೆಯೇ ಇಟ್ಟು ಬಳಸಬೇಕು. ಭೂಮಿಯ ಬಾಗಿನ ಚಿಂತೆ ಬೇಡ. ನೂರು ಮೀಟರ್ ದೂರಕ್ಕೂ ಅದು ಒಂದು ಮಿಲಿಮೀಟರನ್ನು ಮುಟ್ಟುವುದಿಲ್ಲ.

ನಮ್ಮ ಮನೆಗೆ ಬರುವ ಮೇಸ್ತ್ರಿಯವರು ಮೊದಲ ದಿನ ಯಂತ್ರವನ್ನು ನೋಡಿ ಏನೂ ಹೇಳದೆ ತಮ್ಮ ನೀರಿನ ಪೈಪನ್ನು ತಂದರು. ಗುಳ್ಳೆಗಳಿಲ್ಲದಂತೆ ನೀರು ತುಂಬಿ, ಒಂದು ತುದಿಯನ್ನು ಜಗಲಿಯ ಕಂಬಕ್ಕೂ ಇನ್ನೊಂದನ್ನು ಹಿತ್ತಿಲಿನ ಗೂಟಕ್ಕೂ ಹಿಡಿದು, ನೀರು ಆಡುವುದು ನಿಲ್ಲುವವರೆಗೆ ಕಾದು ಗುರುತು ಹಾಕಿದರು. ಅವರ ಗುರುತಿಗೂ ನಾನು ಎರಡು ಬಾರಿ ಓದಿ ತೆಗೆದ ಸರಾಸರಿಗೂ ಎರಡು ಮಿಲಿಮೀಟರ್ ವ್ಯತ್ಯಾಸ ಬಂದಿತು. ನೀರಿನ ಪೈಪು ಸುಳ್ಳು ಹೇಳುವ ಸಾಧನವಲ್ಲ. ಅದಕ್ಕೆ ಎರಡು ಜನ ಬೇಕು, ಪ್ರತಿ ಬಿಂದುವಿಗೂ ಕಾಯಬೇಕು, ಗುಳ್ಳೆ ಸೇರಿದರೆ ಅಳತೆ ಕೆಡುತ್ತದೆ ಎಂಬುದಷ್ಟೇ ಅದರ ಮಿತಿ. ಮನೆಯಲ್ಲಿ ಪೈಪು ಇದ್ದರೆ ಲೇಸರ್ ಬಂದಿತೆಂದು ಎಸೆಯಬೇಡಿ.

ನಿಲ್ಲಿಸುವುದು, ಓದುವುದು

ಯಂತ್ರ ನಿಲ್ಲಿಸುವ ಜಾಗದಿಂದ ಅಳೆಯಬೇಕಾದ ಎಲ್ಲ ಬಿಂದುಗಳೂ ಕಾಣುವಂತಿರಬೇಕು. ಟ್ರೈಪಾಡಿನ ಒಂದೊಂದು ಕಾಲನ್ನೂ ಪಾದದಿಂದ ಒತ್ತಿ ನೆಲಕ್ಕೆ ಇಳಿಸಬೇಕು. ಹೊಸದಾಗಿ ತುಂಬಿದ ಮಣ್ಣಿನ ಮೇಲೆ ನಿಲ್ಲಿಸಿದರೆ ಅರ್ಧ ಗಂಟೆಯಲ್ಲಿ ಒಂದು ಕಾಲು ಕುಸಿದಿರುತ್ತದೆ. ಯಂತ್ರವು ತನ್ನನ್ನು ತಾನು ಮತ್ತೆ ಮಟ್ಟಕ್ಕೆ ತಂದುಕೊಂಡು ಓಡುತ್ತಲೇ ಇರುತ್ತದೆ, ಆದರೆ ಎತ್ತರ ಬದಲಾಗಿರುತ್ತದೆ, ಅದು ನಮಗೆ ತಿಳಿಯುವುದಿಲ್ಲ. ಆದ್ದರಿಂದ ಅಲುಗಾಡದ ಒಂದು ಮೂಲ ಗುರುತು ಬೇಕು. ನಾನು ಜಗಲಿಯ ಮೊದಲ ಮೆಟ್ಟಿಲಿನ ಚಪ್ಪಡಿಯ ಮೂಲೆಯನ್ನು ಬಣ್ಣದಿಂದ ಗುರುತು ಮಾಡಿಕೊಂಡಿದ್ದೇನೆ. ಕೆಲಸ ಆರಂಭಿಸುವಾಗ ಮೊದಲು ಅದನ್ನು ಓದುತ್ತೇನೆ, ಅರ್ಧ ಗಂಟೆಗೊಮ್ಮೆ ಮತ್ತೆ ಓದುತ್ತೇನೆ, ಮುಗಿಸುವಾಗ ಕೊನೆಯದಾಗಿ ಅದನ್ನೇ ಓದುತ್ತೇನೆ. ಆ ಓದು ಬದಲಾಗಿದ್ದರೆ ಹಿಂದಿನ ಅರ್ಧ ಗಂಟೆಯ ಎಲ್ಲ ಅಳತೆಗಳನ್ನೂ ಬಿಟ್ಟುಬಿಡಬೇಕಾಗುತ್ತದೆ.

ಅಳತೆಯ ಲೆಕ್ಕದಲ್ಲಿ ಹೊಸಬರು ತಡವರಿಸುವುದು ಒಂದೇ ಕಡೆ. ಕಿರಣ ಒಂದೇ ಎತ್ತರದಲ್ಲಿರುವುದರಿಂದ, ಕೋಲಿನ ಮೇಲಿನ ಓದು ಹೆಚ್ಚಾದಷ್ಟೂ ನೆಲ ತಗ್ಗಿನಲ್ಲಿದೆ ಎಂದು ಅರ್ಥ. ಮೆಟ್ಟಿಲಿನ ಮೇಲೆ 112 ಸೆಂ.ಮೀ. ಓದಿ, ಹಿತ್ತಿಲಿನ ಮೂಲೆಯಲ್ಲಿ 158 ಓದಿದರೆ, ಆ ಮೂಲೆ ಮೆಟ್ಟಿಲಿಗಿಂತ 46 ಸೆಂ.ಮೀ. ಕೆಳಗಿದೆ. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿಯೇ ದೊಡ್ಡದಾಗಿ ಬರೆದುಕೊಳ್ಳುವುದು ಒಳ್ಳೆಯದು. ಮಧ್ಯಾಹ್ನದ ಬಿಸಿಲಿಗೆ ದಣಿದಾಗ ಕೂಡುವುದರ ಬದಲು ಕಳೆಯುವುದು ಬಹಳ ಸುಲಭವಾಗಿ ಆಗಿಬಿಡುತ್ತದೆ.

ಕೋಲು ನೆಟ್ಟಗಿರಬೇಕು. ಒಂದೂವರೆ ಮೀಟರ್ ಎತ್ತರದ ಓದಿನಲ್ಲಿ ಕೋಲು 5 ಡಿಗ್ರಿ ವಾಲಿದ್ದರೆ ಸುಮಾರು 6 ಮಿ.ಮೀ. ತಪ್ಪು ಬರುತ್ತದೆ, ಇದು ಯಂತ್ರದ ದೋಷಕ್ಕಿಂತ ಹೆಚ್ಚು. ರಿಸೀವರನ್ನು ಸಡಿಲವಾಗಿ ಹಿಡಿದು ಕೋಲನ್ನು ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಆಡಿಸಿದಾಗ ಸಿಗುವ ಅತ್ಯಂತ ಕಡಿಮೆ ಓದೇ ಸರಿಯಾದ ಓದು. ರಿಸೀವರ್‌ನ ಹಿಡಿಕೆಯನ್ನು ಹತ್ತಿರದಿಂದ ನೋಡಿ: ಅದರಲ್ಲಿ ಕೋಲಿನ ಅಂಕೆಯನ್ನು ಓದಬೇಕಾದ ಅಂಚು ಒಂದಿರುತ್ತದೆ, ಆ ಅಂಚು ರಿಸೀವರ್ ಮುಖದ ನಡುಗೆರೆಯ ನೇರಕ್ಕೇ ಇರಬೇಕು. ಅಗ್ಗದ ಹಿಡಿಕೆಗಳಲ್ಲಿ ಅದು ಒಂದೆರಡು ಮಿಲಿಮೀಟರ್ ಕೆಳಗೆ ಕುಳಿತಿರುವುದುಂಟು. ಎಲ್ಲ ಓದುಗಳಲ್ಲಿಯೂ ಒಂದೇ ತಪ್ಪು ಬರುವುದರಿಂದ ವ್ಯತ್ಯಾಸ ತೆಗೆಯುವಾಗ ಅದು ಬಾಧಿಸುವುದಿಲ್ಲ, ಆದರೆ ಅರ್ಧ ಕೆಲಸವಾದ ಮೇಲೆ ಹಿಡಿಕೆಯನ್ನು ಬಿಚ್ಚಿ ತಲೆಕೆಳಗಾಗಿ ಹಾಕಿದರೆ ಬಾಧಿಸುತ್ತದೆ. ಕಿಟಕಿಯ ಗಾಜು, ನಿಂತ ಕಾರು, ಸ್ಟೀಲಿನ ನೀರಿನ ಟ್ಯಾಂಕು ಇವುಗಳಿಂದ ಕಿರಣ ತಿರುಗಿ ಬಂದು, ನಿಜವಾದ ಮಟ್ಟವಲ್ಲದ ಕಡೆಯೂ ರಿಸೀವರ್ ಕೂಗುವುದಿದೆ. ಅನುಮಾನ ಬಂದರೆ ಆ ವಸ್ತುವಿನ ಮೇಲೆ ಒಂದು ಗೋಣಿಚೀಲ ಹೊದಿಸಿ ಮತ್ತೆ ಓದಬೇಕು.

ಯಂತ್ರದಲ್ಲಿ ಸ್ವಯಂ ಮಟ್ಟವನ್ನು ಬಂದ್ ಮಾಡುವ ಒಂದು ಗುಂಡಿ ಇರುತ್ತದೆ. ಬೇಕೆಂದೇ ವಾಲಿಸಿ ಬಳಸುವವರಿಗಾಗಿ ಅದನ್ನು ಇಟ್ಟಿರುತ್ತಾರೆ. ಮೊದಲ ವರ್ಷ ನಾನು ಚರಂಡಿಯ ಗೂಟಗಳನ್ನು ಹೊಡೆಯುವಾಗ ಆ ಗುಂಡಿ ಒತ್ತಿಹೋಗಿತ್ತು, ಅದರ ಪುಟ್ಟ ದೀಪ ಬಿಸಿಲಿನಲ್ಲಿ ಕಾಣಿಸಲಿಲ್ಲ. ಕಿರಣ ತಿರುಗುತ್ತಿತ್ತು, ರಿಸೀವರ್ ಕೂಗುತ್ತಿತ್ತು, ಎಲ್ಲವೂ ಸರಿಯಿದ್ದಂತೆಯೇ ಇತ್ತು. ಎಂಟು ಮೀಟರ್ ಕಂದಕ ತೋಡಿ ನೀರು ಬಿಟ್ಟಾಗ ಅದು ಮನೆಯ ಕಡೆಗೆ ಹರಿಯಿತು. ಎರಡು ಆಳಿನ ಒಂದು ದಿನದ ಕೆಲಸ ಮಣ್ಣುಪಾಲಾಯಿತು, ಅವರ ಮುಂದೆ ನಿಂತು ಅದನ್ನು ಹೇಳಬೇಕಾಗಿ ಬಂದದ್ದು ನನಗೆ ಇನ್ನೂ ನೆನಪಿದೆ. ಅಂದಿನಿಂದ ಪ್ರತಿ ಸಲ ಯಂತ್ರ ಹಾಕಿದ ಕೂಡಲೇ ದೀಪದ ಮೇಲೆ ಅಂಗೈ ಮರೆಮಾಡಿ ನೋಡುತ್ತೇನೆ.

ಹಿತ್ತಿಲಿನ ಮಣ್ಣಿನ ಲೆಕ್ಕ

ನಮ್ಮ ಹಿತ್ತಿಲು ಮನೆಯ ಉದ್ದಕ್ಕೆ 12 ಮೀಟರ್, ಮನೆಯಿಂದ ಹೊರಕ್ಕೆ 9 ಮೀಟರ್. ಅದನ್ನು ದಾರ ಎಳೆದು ಮೂರು ಮೀಟರಿನ ಚೌಕಗಳಾಗಿ ಮಾಡಿಕೊಂಡರೆ, ನಾಲ್ಕು ಚೌಕಗಳ ಮೂರು ಸಾಲು, ಒಟ್ಟು ಹನ್ನೆರಡು. ಪ್ರತಿ ಚೌಕದ ನಡುವೆ ಕೋಲಿಟ್ಟು ಓದಬೇಕು. ಮನೆಯ ಹತ್ತಿರದ ಸಾಲಿನಲ್ಲಿ 118, 121, 124, 126. ನಡುವಿನ ಸಾಲಿನಲ್ಲಿ 133, 136, 138, 141. ಹೊರಗಿನ ಸಾಲಿನಲ್ಲಿ 149, 152, 156, 158 ಸೆಂ.ಮೀ. ಬಂದವು. ಒಟ್ಟು 1652, ಹನ್ನೆರಡರಿಂದ ಭಾಗಿಸಿದರೆ ಸುಮಾರು 137.7. ಹಿತ್ತಿಲನ್ನು ಪೂರ್ತಿ ಸಪಾಟು ಮಾಡಿ, ಹೊರಗಿನಿಂದ ಮಣ್ಣು ತರದೆ, ಹೊರಕ್ಕೂ ಹಾಕದೆ ಮುಗಿಸಬೇಕೆಂದರೆ ಎಲ್ಲ ಕಡೆಯೂ ಓದು ಇಷ್ಟಕ್ಕೆ ಬರಬೇಕು. ಪ್ರತಿ ಚೌಕ 9 ಚದರ ಮೀಟರ್ ಆದ್ದರಿಂದ, ಕಡಿಯಬೇಕಾದ ಚೌಕಗಳ ಆಳವನ್ನೆಲ್ಲ ಕೂಡಿ 9ರಿಂದ ಗುಣಿಸಿದರೆ ಸುಮಾರು 6.1 ಘನ ಮೀಟರ್, ಅಂದರೆ 216 ಘನ ಅಡಿ ಮಣ್ಣನ್ನು ಸಾಗಿಸಬೇಕಾಗುತ್ತದೆ.

ಆದರೆ ಸಪಾಟು ಹಿತ್ತಿಲು ನಮಗೆ ಬೇಡ. ಮಳೆನೀರು ಮನೆಯಿಂದ ಆಚೆಗೆ ಹೋಗಬೇಕಾದರೆ ನೂರಕ್ಕೆ ಎರಡರಷ್ಟಾದರೂ ವಾಟ ಇರಲಿ, ಅಂದರೆ ಮೀಟರಿಗೆ 2 ಸೆಂ.ಮೀ. ಮೊದಲ ಸಾಲಿನ ನಡುವಿನಿಂದ ಮೂರನೆಯ ಸಾಲಿನ ನಡುವಿಗೆ 6 ಮೀಟರ್, ಆದ್ದರಿಂದ 12 ಸೆಂ.ಮೀ. ಇಳಿತ ಬೇಕು. ಸರಾಸರಿಯನ್ನು 138 ಎಂದು ಹಿಡಿದು, ಮೊದಲ ಸಾಲಿಗೆ 132, ನಡುವಿನ ಸಾಲಿಗೆ 138, ಹೊರಗಿನ ಸಾಲಿಗೆ 144 ಎಂದು ಗುರಿ ಇಟ್ಟುಕೊಂಡೆ. ಹೀಗೆ ಮಾಡಿದಾಗ ಕಡಿಯುವ ಮಣ್ಣು 4.1 ಘನ ಮೀಟರಿಗೆ ಇಳಿಯಿತು. ನೆಲದ ಸ್ವಾಭಾವಿಕ ಇಳಿಜಾರಿನ ಜೊತೆಗೇ ಹೋದದ್ದರಿಂದ ಮೂರನೆಯ ಒಂದು ಭಾಗ ಕೆಲಸ ಉಳಿಯಿತು. 137.7 ಇದ್ದದ್ದನ್ನು 138 ಎಂದು ಹಿಡಿದದ್ದರಿಂದ ತುಂಬುವುದಕ್ಕಿಂತ ಕಡಿಯುವ ಮಣ್ಣು ಸ್ವಲ್ಪ ಹೆಚ್ಚಾಗುತ್ತದೆ. ತುಂಬಿದ ಮಣ್ಣು ದಮ್ಮಸ್ಸು ಮಾಡಿದಾಗ ಒತ್ತಿಕೊಳ್ಳುವುದರಿಂದ ಆ ಹೆಚ್ಚುವರಿ ಬೇಕೇ ಬೇಕು.

ಪ್ರತಿ ಚೌಕದ ನಡುವೆ ಗೂಟ ಹೊಡೆದು, ಗೂಟದ ಮೇಲೆ ಗುರಿಯ ಮಟ್ಟಕ್ಕೆ ಬಣ್ಣದ ಗೆರೆ ಎಳೆದುಬಿಟ್ಟರೆ ಮುಂದಿನ ಕೆಲಸಕ್ಕೆ ಯಂತ್ರವೇ ಬೇಕಿಲ್ಲ. ಕಡಿಯಬೇಕಾದ ಕಡೆ ಗೆರೆ ನೆಲದೊಳಗೆ ಬರುವುದರಿಂದ, ಗುರಿಗಿಂತ 20 ಸೆಂ.ಮೀ. ಮೇಲೆ ಗೆರೆ ಹಾಕಿ, ಎಲ್ಲ ಗೂಟಗಳಲ್ಲಿಯೂ ಅದೇ ಕ್ರಮ ಅನುಸರಿಸುವುದು ಸರಿ. ಆಳುಗಳು 20 ಸೆಂ.ಮೀ. ಉದ್ದದ ಒಂದು ಕಡ್ಡಿ ಹಿಡಿದು ಗೆರೆಯಿಂದ ಕೆಳಕ್ಕೆ ಅಳೆದುಕೊಳ್ಳುತ್ತಾರೆ. ತುಂಬುವ ಮೊದಲು ಮೇಲಿನ ಕಪ್ಪು ಮಣ್ಣನ್ನು ಬೇರೆ ಗುಡ್ಡೆ ಹಾಕಿಸಿ, ಕೊನೆಯಲ್ಲಿ ಅದನ್ನೇ ಮೇಲೆ ಹರಡಬೇಕು. ಜಂಬಿಟ್ಟಿಗೆಯ ಕೆಂಪು ಮಣ್ಣು ಮೇಲೆ ಬಂದರೆ ಹುಲ್ಲೂ ಹಿಡಿಯುವುದಿಲ್ಲ.

ಚರಂಡಿ, ಬದು, ಮೆಟ್ಟಿಲು

ಚರಂಡಿಗೆ ವಾಟ ಕೊಡಲು ಯಂತ್ರವನ್ನು ವಾಲಿಸಬೇಕಾಗಿಲ್ಲ. ಅಗ್ಗದ ಯಂತ್ರಗಳಲ್ಲಿ ವಾಲಿಸುವ ಸೌಲಭ್ಯವಿದ್ದರೂ ಅದನ್ನು ನಂಬಬೇಡಿ ಎಂದೇ ನಾನು ಹೇಳುತ್ತೇನೆ, ಏಕೆಂದರೆ ಆಗ ಸ್ವಯಂ ಮಟ್ಟ ಬಂದ್ ಆಗಿರುತ್ತದೆ. ಕಿರಣ ಮಟ್ಟದಲ್ಲಿಯೇ ಇರಲಿ, ರಿಸೀವರನ್ನು ಸರಿಸೋಣ. ಕಲ್ಲು ಕಟ್ಟಿದ ಚರಂಡಿಗೆ ನೂರಕ್ಕೆ ಒಂದರಷ್ಟು ವಾಟವೆಂದರೆ ಮೂರು ಮೀಟರಿಗೆ 3 ಸೆಂ.ಮೀ. ಚರಂಡಿಯ ಮೇಲ್ತುದಿಯ ತಳದಲ್ಲಿ 165 ಓದಬೇಕೆಂದಿದ್ದರೆ, ಮೂರು ಮೀಟರ್ ಮುಂದೆ 168, ಆರು ಮೀಟರಿನಲ್ಲಿ 171, ಹೀಗೆ 24 ಮೀಟರಿನ ಕೊನೆಯಲ್ಲಿ 189. ಪ್ರತಿ ಗೂಟಕ್ಕೆ ಹೋಗುವ ಮೊದಲು ರಿಸೀವರನ್ನು ಕೋಲಿನ ಮೇಲೆ 3 ಸೆಂ.ಮೀ. ಏರಿಸಿ ಬಿಗಿದು, ಒಂದೇ ಸ್ವರ ಕೇಳಿಸುವ ತನಕ ತಳವನ್ನು ಕೆತ್ತಿಸುತ್ತಾ ಹೋಗಬೇಕು. ತಳದಲ್ಲಿ ಕಲ್ಲು ಕೂರಿಸುವುದಿದ್ದರೆ ಅದರ ದಪ್ಪವನ್ನು ಮೊದಲೇ ಈ ಅಂಕೆಗಳಿಗೆ ಸೇರಿಸಿಕೊಳ್ಳಬೇಕು.

ಗುಡ್ಡದಿಂದ ಇಳಿಯುವ ನೀರನ್ನು ತಡೆದು ಇಂಗಿಸುವ ಕಾಲುವೆಗೆ ಇದಕ್ಕೆ ವಿರುದ್ಧವಾದ ಕ್ರಮ, ಮತ್ತು ಈ ಯಂತ್ರದ ಅತ್ಯಂತ ಸಂತೋಷದ ಕೆಲಸವೆಂದರೆ ನನಗೆ ಇದೇ. ರಿಸೀವರನ್ನು ಕೋಲಿನ ಒಂದೇ ಅಂಕೆಗೆ ಬಿಗಿದು, ಅದನ್ನು ಸರಿಸದೆ, ಇಳಿಜಾರಿನಲ್ಲಿ ಮೇಲೆ ಕೆಳಗೆ ನಡೆದು ಒಂದೇ ಸ್ವರ ಕೇಳಿಸುವ ಜಾಗ ಹುಡುಕಿ ಗೂಟ ಹೊಡೆಯಬೇಕು. ಎರಡು ಮೀಟರ್ ಮುಂದೆ ಹೋಗಿ ಮತ್ತೊಂದು. ಇಪ್ಪತ್ತು ಗೂಟಗಳಾದ ಮೇಲೆ ಹಿಂದೆ ಸರಿದು ನೋಡಿದರೆ, ಗುಡ್ಡದ ಮೈಯ ಒಳಬಾಗು ಹೊರಬಾಗುಗಳೆಲ್ಲ ಗೂಟಗಳ ಸಾಲಿನಲ್ಲಿ ಮೂಡಿರುತ್ತವೆ. ಅದೇ ಸಮಪಾತಳಿಯ ಗೆರೆ. ಅದರ ಗುಂಟ ತೋಡಿದ ಕಂದಕದಲ್ಲಿ ನೀರು ಹರಿಯುವುದಿಲ್ಲ, ಉದ್ದಕ್ಕೂ ಒಂದೇ ಆಳಕ್ಕೆ ನಿಂತು ಇಂಗುತ್ತದೆ. ಗೂಟಗಳ ಸಾಲನ್ನು ನೇರ ಮಾಡಬೇಕೆಂಬ ಆಸೆಗೆ ಒಳಗಾಗಬಾರದು. ನೇರ ಮಾಡಿದ ಕಡೆಯೇ ಕಂದಕದ ಅಂಚಿನ ಮಣ್ಣಿನ ಏರಿ ಒಡೆಯುತ್ತದೆ. ಆದರೆ ಮನೆಗೆ ತೀರ ಹತ್ತಿರದಲ್ಲಿ, ಅಥವಾ ಕಡಿದ ದರೆಯ ನೆತ್ತಿಯ ಮೇಲೆ ಇಂಗುಗಾಲುವೆಯನ್ನು ಖಂಡಿತ ಮಾಡಬೇಡಿ. ಅಲ್ಲಿ ಇಂಗಿದ ನೀರು ಮಣ್ಣನ್ನು ಭಾರ ಮಾಡಿ ದರೆಯನ್ನೇ ಕೆಡವುತ್ತದೆ. ಅಂತಹ ಕಡೆ ನೀರನ್ನು ವಾಟವಿರುವ ಚರಂಡಿಯಿಂದ ಪಕ್ಕಕ್ಕೆ ಒಯ್ಯುವುದೇ ಕ್ಷೇಮ.

ಮೆಟ್ಟಿಲಿಗೆ ಲೆಕ್ಕ ಸುಲಭ. ಮೇಲಿನ ನೆಲದ ಓದನ್ನು ಕೆಳಗಿನ ನೆಲದ ಓದಿನಿಂದ ಕಳೆದಾಗ 90 ಸೆಂ.ಮೀ. ಬಂದರೆ, 15 ಸೆಂ.ಮೀ. ಎತ್ತರದ ಆರು ಮೆಟ್ಟಿಲು.

ಮನೆಯ ಇನ್ನೊಂದು ಬದಿಗೆ ಹೋಗುವುದು

ಮನೆಯೇ ಕಿರಣಕ್ಕೆ ಅಡ್ಡವಾದಾಗ ಯಂತ್ರವನ್ನು ಕಿತ್ತು ಬೇರೆ ಕಡೆ ನಿಲ್ಲಿಸಬೇಕಾಗುತ್ತದೆ. ಎರಡೂ ಜಾಗಗಳಿಂದ ಕಾಣುವ ಗಟ್ಟಿಯಾದ ಒಂದು ಕಲ್ಲನ್ನು ಆರಿಸಿಕೊಂಡು, ಹಳೆಯ ಜಾಗದಿಂದ ಅದನ್ನು ಓದಿ, ಯಂತ್ರವನ್ನು ಒಯ್ದು, ಹೊಸ ಜಾಗದಿಂದ ಅದೇ ಕಲ್ಲಿನ ಅದೇ ನೆತ್ತಿಯನ್ನು ಮತ್ತೆ ಓದಬೇಕು. ಹಳೆಯ ಓದು 146, ಹೊಸ ಓದು 121 ಆಗಿದ್ದರೆ, ಕಿರಣ ಈಗ 25 ಸೆಂ.ಮೀ. ಕೆಳಗೆ ಬಂದಿದೆ. ಆದ್ದರಿಂದ ಹೊಸ ಜಾಗದ ಎಲ್ಲ ಓದುಗಳಿಗೂ 25 ಕೂಡಿಸಿದರೆ ಹಳೆಯವುಗಳ ಜೊತೆ ಹೋಲಿಸಬಹುದು. ಇಲ್ಲಿ ಎರಡು ಬಾರಿ ಓದಿ ಸರಾಸರಿ ತೆಗೆಯುವ ಕ್ರಮವನ್ನು ಬಿಡಬಾರದು, ಏಕೆಂದರೆ ಈ ಒಂದು ಓದಿನ ತಪ್ಪು ಮುಂದಿನ ಎಲ್ಲ ಓದುಗಳಿಗೂ ಹತ್ತಿಕೊಳ್ಳುತ್ತದೆ.

ಕಣ್ಣು, ಬಿಸಿಲು, ಮಳೆ

ಯಂತ್ರದ ಮೇಲಿನ ಹಳದಿ ಚೀಟಿಯನ್ನು ಓದಬೇಕು. 2ನೆಯ ವರ್ಗದ ಲೇಸರ್‌ನ ಶಕ್ತಿ 1 ಮಿಲಿವಾಟಿಗಿಂತ ಹೆಚ್ಚಿರುವುದಿಲ್ಲ, ಆಕಸ್ಮಿಕವಾಗಿ ಕಣ್ಣಿಗೆ ಬಿದ್ದರೆ ರೆಪ್ಪೆ ಮುಚ್ಚಿಕೊಳ್ಳುವುದೇ ರಕ್ಷಣೆ. 3ಆರ್ ವರ್ಗದ್ದು 5 ಮಿಲಿವಾಟಿನವರೆಗೂ ಇರಬಹುದು, ಅದಕ್ಕೆ ಹೆಚ್ಚಿನ ಎಚ್ಚರಿಕೆ ಬೇಕು. ಯಾವ ವರ್ಗವಾದರೂ ಕಿರಣವನ್ನು ದಿಟ್ಟಿಸಬಾರದು, ದುರ್ಬೀನಿನಿಂದ ನೋಡಲೇಬಾರದು. ಕಿರಣದ ಎತ್ತರ ನಿಂತವರ ಕಣ್ಣಿನ ಮಟ್ಟಕ್ಕೆ ಬರದಂತೆ ಟ್ರೈಪಾಡನ್ನು ಹೊಂದಿಸಬೇಕು. ಮಕ್ಕಳ ಕಣ್ಣಿನ ಮಟ್ಟ ನಮ್ಮ ಎದೆಯ ಮಟ್ಟ ಎಂಬುದನ್ನು ನೆನಪಿಟ್ಟು, ಅಳೆಯುವ ಹೊತ್ತಿನಲ್ಲಿ ಅವರನ್ನು ಹಿತ್ತಿಲಿಗೆ ಬಿಡದಿರುವುದು ಒಳ್ಳೆಯದು. ತಿರುಗುವುದು ನಿಂತು ಕಿರಣ ಒಂದೇ ಕಡೆ ನೆಟ್ಟಿದ್ದಾಗ ಅಪಾಯ ಹೆಚ್ಚು.

ಅಳತೆಯ ಕೆಲಸಕ್ಕೆ ಮಾರ್ಚಿನಿಂದ ಮೇ ತಿಂಗಳ ನಡುವಿನವರೆಗಿನ ಬೆಳಗಿನ ಹೊತ್ತು ಒಳ್ಳೆಯದು. ನೆಲ ಗಟ್ಟಿಯಾಗಿರುತ್ತದೆ, ಗಾಳಿ ಕಡಿಮೆ. ಯಂತ್ರವನ್ನು ಒಳಗಿನಿಂದ ತಂದ ಮೇಲೆ ಹೊರಗಿನ ಶಾಖಕ್ಕೆ ಹೊಂದಿಕೊಳ್ಳಲು ಹದಿನೈದು ನಿಮಿಷ ಬಿಟ್ಟು, ಬಳಿಕ ಅದಕ್ಕೊಂದು ಕೊಡೆಯ ನೆರಳು ಕೊಟ್ಟರೆ ಓದುಗಳು ಸ್ಥಿರವಾಗಿರುತ್ತವೆ. ಅನಿರೀಕ್ಷಿತ ಮಳೆಗೆ ಸಿಕ್ಕಿದರೆ ಒರೆಸಿ, ಪೆಟ್ಟಿಗೆಯನ್ನು ತೆರೆದಿಟ್ಟು ಪೂರ್ತಿ ಒಣಗಿಸಿದ ಮೇಲೆಯೇ ಮುಚ್ಚಬೇಕು. ನಮ್ಮ ಕಡೆಯ ತೇವಕ್ಕೆ ಮುಚ್ಚಿದ ಪೆಟ್ಟಿಗೆಯೊಳಗೆ ಗಾಜಿನ ಮೇಲೆ ಬೂಷ್ಟು ಕಟ್ಟುತ್ತದೆ.

ಮೊದಲ ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ, ಅದೇ ಮೆಟ್ಟಿಲಿನ ಗುರುತಿನಿಂದ ಆರಂಭಿಸಿ ಆ ಹನ್ನೆರಡು ಚೌಕಗಳನ್ನು ಮತ್ತೆ ಓದಬೇಕು. ನಮ್ಮಲ್ಲಿ ಹೊರಗಿನ ಸಾಲು ತುಂಬಿದ ಮಣ್ಣು ಕುಸಿದು 3 ಸೆಂ.ಮೀ. ಇಳಿದಿತ್ತು, ಮನೆಯ ಬದಿಯ ಸಾಲು ಇದ್ದಲ್ಲಿಯೇ ಇತ್ತು. ವಾಟ ಹೆಚ್ಚಾದದ್ದರಿಂದ ನೀರಿಗೆ ತೊಂದರೆಯಾಗಲಿಲ್ಲ, ಪಾಗಾರದ ಒಳಬದಿಯಲ್ಲಿ ಮಾತ್ರ ಆರು ಬುಟ್ಟಿ ಮಣ್ಣು ಹಾಕಿಸಿ ದಮ್ಮಸ್ಸು ಮಾಡಿಸಬೇಕಾಯಿತು. ಆ ಓದುಗಳನ್ನೂ ತಾರೀಖಿನ ಸಮೇತ ಅದೇ ನೋಟ್‌ಬುಕ್ಕಿನಲ್ಲಿ ಬರೆದು, ಬ್ಯಾಟರಿ ಬಿಚ್ಚಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟಿದ್ದೇನೆ.